ಗಂಜಿನ ಗಾದಿಯಿಂದ ದಿಲ್ಲಿಗೆ ಹೋದವರ ಜೀವನ ಬರೆಯುವುದು ಹೇಗೆ

ನಮ್ಮ ಕಡೆ ಗಂಜ್, ಅಂದರೆ ಕಾಳುಕಡಿಯ ಸಗಟು ಮಾರುಕಟ್ಟೆ, ಇರುವ ಊರಲ್ಲೆಲ್ಲ ಇಂಥವರೊಬ್ಬರು ಸಿಗುತ್ತಾರೆ. ಮೊದಲು ಅಡತ್ ಅಂಗಡಿ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸುವ ಅಂಗಡಿ), ಇಲ್ಲವೇ ದಾಲ್ ಮಿಲ್. ಆಮೇಲೆ ಪುರಸಭೆ, ಪಕ್ಷದ ಖಜಾಂಚಿ, ಕೊನೆಗೆ ದಿಲ್ಲಿ. ಎಪ್ಪತ್ತೈದು ತುಂಬಿದಾಗ ಅಭಿನಂದನಾ ಗ್ರಂಥ ಬರುತ್ತದೆ, ತೀರಿಕೊಂಡಾಗ ಸ್ಮರಣಿಕೆ ಬರುತ್ತದೆ. ಅದನ್ನು ಬರೆಯುವ ಕೆಲಸ ಊರಲ್ಲಿ ನಾಲ್ಕು ಸಾಲು ಚೆನ್ನಾಗಿ ಬರೆಯುವ ಮಾಸ್ತರಿಗೋ, ವರದಿಗಾರನಿಗೋ, ಎಂ.ಎ. ಓದುವ ಹುಡುಗಿಗೋ ಬೀಳುತ್ತದೆ.

ಆ ಪುಸ್ತಕಗಳನ್ನು ತೆರೆದು ನೋಡಿ. ಅಂಗಡಿಯಲ್ಲಿ ಕಳೆದ ಅಷ್ಟೂ ವರ್ಷಕ್ಕೆ ಎರಡು ಸಾಲು. "ವ್ಯಾಪಾರದಲ್ಲಿ ಪ್ರಾಮಾಣಿಕತೆಗೆ ಹೆಸರಾಗಿದ್ದರು" ಅಂತ ಬರೆದು ಮುಗಿಸಿರುತ್ತಾರೆ. ಉಳಿದ ಇನ್ನೂರು ಪುಟ ಸಭೆ, ಸನ್ಮಾನ, ಶಂಕುಸ್ಥಾಪನೆ. ನನ್ನ ಪ್ರಕಾರ ಇದು ತಲೆಕೆಳಗಾದ ಲೆಕ್ಕ. ಯಾರಿಗೆ ಉದ್ರಿ ಕೊಟ್ಟರು, ಯಾರ ಬಾಕಿ ಬಿಟ್ಟುಕೊಟ್ಟರು, ಪಾಲುದಾರ ಮುನಿಸಿಕೊಂಡಾಗ ಏನು ಮಾಡಿದರು, ಬರಗಾಲದಲ್ಲಿ ಕಾಳಿನ ದರ ಏರಿದಾಗ ಗೋದಾಮಿನ ಬಾಗಿಲು ತೆಗೆದರೋ ಮುಚ್ಚಿದರೋ, ಅದನ್ನೇ ಮುಂದೆ ರಾಜಕಾರಣದಲ್ಲಿ ದೊಡ್ಡ ಅಳತೆಯಲ್ಲಿ ಮಾಡಿರುತ್ತಾರೆ. ಹಾಗಾಗಿ ಅಂಗಡಿಯಿಂದ ಶುರು ಮಾಡಿ. ಕಲಬುರಗಿ, ಬೀದರ್, ಯಾದಗಿರಿ ಕಡೆ ಕೂತು ಇದನ್ನು ಹೇಗೆ ಮಾಡಬಹುದು ಅಂತ ಇಲ್ಲಿ ಹೇಳುತ್ತೇನೆ.

ಉದಾಹರಣೆಗೆ ನಮ್ಮೂರಿನವರನ್ನು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಓದುವವರು ವಿಧಾನ ಬಿಟ್ಟು ಜಾತಿ, ಪಕ್ಷ ಹುಡುಕಲು ಕೂರುತ್ತಾರೆ. ಜಮ್ನಾಲಾಲ್ ಬಜಾಜ್ ಅವರನ್ನು ಇಟ್ಟುಕೊಳ್ಳೋಣ. ಹತ್ತಿ ವ್ಯಾಪಾರದ ವಾರ್ಧಾದವರು, ಕಾಂಗ್ರೆಸ್ಸಿನ ಖಜಾಂಚಿ. ಅವರ ಪತ್ರ, ದಿನಚರಿ ಮುದ್ರಣವಾಗಿವೆ. ಹಾಗಾಗಿ ಕೈ ಪಳಗಿಸಿಕೊಳ್ಳಲು ಅನುಕೂಲ.

ಮೊದಲು ಒಂದು ಹಾಳೆಯ ಕಾಲರೇಖೆ

ಒಂದು ಉದ್ದ ಹಾಳೆ ತಗೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಕ್ಕೆ ವ್ಯಾಪಾರ, ಬಲಕ್ಕೆ ರಾಜಕೀಯ. ಇಸವಿ ಮಧ್ಯದಲ್ಲಿ. ಬಜಾಜ್ ಅವರದ್ದು ತುಂಬಿಸಿದರೆ ಹೀಗೆ ಬರುತ್ತದೆ.

ಹುಟ್ಟಿದ್ದು 1889ರ ನವೆಂಬರ್ 4, ರಾಜಸ್ಥಾನದ ಸೀಕರ್ ಹತ್ತಿರದ ಕಾಶಿ ಕಾ ಬಾಸ್ ಅನ್ನುವ ಹಳ್ಳಿಯಲ್ಲಿ, ಬಡ ಮನೆಯಲ್ಲಿ. ಚಿಕ್ಕ ಮಗುವಾಗಿದ್ದಾಗಲೇ ವಾರ್ಧಾದ ಸೇಠ್ ಬಚ್ಛರಾಜ್ ಅವರ ಮನೆಗೆ ಮೊಮ್ಮಗನಾಗಿ ದತ್ತು ಹೋದರು. ಹದಿನೇಳನೇ ವಯಸ್ಸಿನಲ್ಲಿ ಅಜ್ಜನ ಜತೆ ಜಗಳವಾಗಿ, ನಿಮ್ಮ ಆಸ್ತಿಯಲ್ಲಿ ನನಗೇನೂ ಬೇಡ ಅಂತ ಪತ್ರ ಬರೆದಿಟ್ಟು ಮನೆ ಬಿಟ್ಟರು. ಆಮೇಲೆ ವಾಪಸ್ ಬಂದರು, ವ್ಯಾಪಾರವನ್ನೂ ನಡೆಸಿದರು. ಬ್ರಿಟಿಷ್ ಸರ್ಕಾರ ರಾಯ್ ಬಹದ್ದೂರ್ ಬಿರುದು ಕೊಟ್ಟಿತ್ತು. 1920ರ ನಾಗ್ಪುರ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಸ್ವಾಗತ ಸಮಿತಿಯ ಅಧ್ಯಕ್ಷರು. ಗಾಂಧೀಜಿಗೆ "ನನ್ನನ್ನು ನಿಮ್ಮ ಐದನೇ ಮಗ ಅಂತ ತಿಳಿಯಿರಿ" ಅನ್ನುವ ಅರ್ಥದಲ್ಲಿ ಕೇಳಿಕೊಂಡಿದ್ದೂ ಆ ಹೊತ್ತಿನಲ್ಲೇ. 1921ರಲ್ಲಿ ಬಿರುದು ಬಿಟ್ಟರು. ವಕೀಲಿ ಬಿಟ್ಟು ಚಳವಳಿಗೆ ಬಂದವರ ಮನೆ ನಡೆಯಲಿ ಅಂತ ಒಂದು ಲಕ್ಷ ರೂಪಾಯಿ ಕೊಟ್ಟರು. 1923ರ ನಾಗ್ಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು. 1928ರಲ್ಲಿ ವಾರ್ಧಾದ ತಮ್ಮ ಮನೆತನದ ಲಕ್ಷ್ಮೀನಾರಾಯಣ ಗುಡಿಯನ್ನು ದಲಿತರಿಗೆ ತೆರೆದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ, ಮತ್ತೆ ಜೈಲು. 1931ರಲ್ಲಿ ಸಕ್ಕರೆ ಕಾರ್ಖಾನೆ. 1936ರಲ್ಲಿ ಗಾಂಧೀಜಿ ವಾರ್ಧಾ ಹತ್ತಿರದ ಸೇಗಾಂವ್‌ಗೆ ಹೋಗಿ ನೆಲೆಸಿದರು, ಅದೇ ಮುಂದೆ ಸೇವಾಗ್ರಾಮ ಆಯಿತು. 1938ರಲ್ಲಿ, ಸಂಸ್ಥಾನದ ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಜೈಪುರ ಪ್ರಜಾಮಂಡಲದ ಅಧ್ಯಕ್ಷರು, ಮರುವರ್ಷ ಜೈಪುರ ಸಂಸ್ಥಾನದವರೇ ಹಿಡಿದು ಒಳಗೆ ಹಾಕಿದರು. ತೀರಿಕೊಂಡಿದ್ದು 1942ರ ಫೆಬ್ರವರಿ 11.

ಈಗ ಹಾಳೆ ನೋಡಿ. ಬಲಗಡೆ ಜೈಲು, ಎಡಗಡೆ ಮರುವರ್ಷವೇ ಸಕ್ಕರೆ ಕಾರ್ಖಾನೆ. ಸ್ಮರಣಿಕೆ ಬರೆಯುವವರು ಇಂಥ ಕಡೆ "ಸರ್ವಸ್ವವನ್ನೂ ತ್ಯಾಗ ಮಾಡಿದರು" ಅಂತ ಬರೆದುಬಿಡುತ್ತಾರೆ. ಬಿಟ್ಟಿದ್ದು ಬಿರುದು, ಆರಾಮ, ಬಹಳಷ್ಟು ದುಡ್ಡು. ವ್ಯಾಪಾರ ಬಿಟ್ಟಿರಲಿಲ್ಲ. ಅದು ನಡೆಯುತ್ತಿದ್ದುದರಿಂದಲೇ ಚಳವಳಿಗೆ ದುಡ್ಡು ಬರುತ್ತಿತ್ತು. ಎರಡೂ ಬದಿ ಒಟ್ಟಿಗೆ ಇಟ್ಟಾಗ ಮಾತ್ರ ಇದು ಕಾಣುತ್ತದೆ.

ಇನ್ನೊಂದು ಉಪಯೋಗವೂ ಇದೆ. ಬಜಾಜ್ ಅಂದ ಕೂಡಲೇ ನಮಗೆ ಚೇತಕ್ ಸ್ಕೂಟರ್ ನೆನಪಾಗುತ್ತದೆ ಅಲ್ವಾ? ಭಾಷಣಗಳಲ್ಲಿ "ಸ್ಕೂಟರ್ ಕಂಪನಿಯ ಮಾಲೀಕರಾಗಿದ್ದರೂ ಖಾದಿ ಉಟ್ಟರು" ಅಂತ ಹೇಳಿದರೆ ಕೇಳಲು ಚಂದ. ಆದರೆ ಚೇತಕ್ ಬಂದಿದ್ದು 1972ರಲ್ಲಿ. ಬಜಾಜ್ ಆಟೋ ಆಗಿ ಬೆಳೆದ ಕಂಪನಿ ಬಚ್ಛರಾಜ್ ಟ್ರೇಡಿಂಗ್ ಕಾರ್ಪೊರೇಷನ್ ಅನ್ನುವ ಹೆಸರಲ್ಲಿ ಶುರುವಾಗಿದ್ದೇ 1945ರಲ್ಲಿ. ಅಷ್ಟರಲ್ಲಿ ಜಮ್ನಾಲಾಲರು ತೀರಿಕೊಂಡು ಮೂರು ವರ್ಷವಾಗಿತ್ತು. ಮಗ, ಮೊಮ್ಮಗ ಮಾಡಿದ್ದನ್ನು ಹಿರಿಯರ ಲೆಕ್ಕಕ್ಕೆ ಜಮಾ ಮಾಡುವುದು ನಮ್ಮ ಕಡೆ ಇನ್ನೂ ಜಾಸ್ತಿ. ಇಸವಿ ಹಾಕಿದರೆ ತಾನೇ ಸಿಕ್ಕಿಬೀಳುತ್ತದೆ.

ಅಂಗಡಿಯ ಬಗ್ಗೆ ಕೇಳಬೇಕಾದ್ದು

ನಿಮ್ಮ ಸಾವ್ಕಾರರು ತೊಗರಿ ಅಡತ್ಯಾ ಆಗಿದ್ದರೆ ಮೊದಲು ಗಂಜಿನಲ್ಲಿ ಒಂದು ಬೆಳಗ್ಗೆ ಪೂರ್ತಿ ಸುಮ್ನೆ ನಿಂತು ನೋಡಿ. ಕಟಾವು ಮುಗಿದು ಮಾಲು ಬರುವ ಕಾಲದಲ್ಲಿ ಹೋಗಬೇಕು, ಜನವರಿ ಒಳ್ಳೆಯದು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಆ ಚೀಲದ ಹಿಂದಿನ ಲೆಕ್ಕ. ರೈತ ಬಿತ್ತುವಾಗಲೇ ಅಡತ್ಯಾನ ಹತ್ತಿರ ಮುಂಗಡ ತಂದಿರುತ್ತಾನೆ. ಬೀಜಕ್ಕೆ, ಗೊಬ್ಬರಕ್ಕೆ, ಎಷ್ಟೋ ಸಲ ಮಗಳ ಮದುವೆಗೆ. ಮಾಲು ಬಂದಾಗ ಅದೇ ಅಂಗಡಿಗೆ ಇಳಿಸುತ್ತಾನೆ. ಖರೀದಿದಾರರು ಬಂದು ಕಾಳು ಕೈಯಲ್ಲಿ ಹಿಡಿದು ನೋಡಿ ದರ ಹಾಕುತ್ತಾರೆ. ತೂಕ, ಹಮಾಲಿ, ಅಡತ್, ಮುಂಗಡ, ಬಡ್ಡಿ ಎಲ್ಲ ಮುರಿದುಕೊಂಡು ಉಳಿದಿದ್ದು ರೈತನ ಕೈಗೆ.

ಇಲ್ಲಿ ಅಡತ್ಯಾ ಬರೀ ಮಧ್ಯವರ್ತಿ ಅಲ್ಲ. ಯಾವ ಹಳ್ಳಿಯಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಬಿರುಕು ಬಿಟ್ಟಿದೆ, ಯಾರು ಹೇಳಿದ ದಿನ ದುಡ್ಡು ತಂದುಕೊಡುತ್ತಾರೆ, ಎಲ್ಲ ಅವನಿಗೆ ಗೊತ್ತು. ಚುನಾವಣೆಗೆ ನಿಂತಾಗ ಬೇರೆಯವರು ಹೊಸದಾಗಿ ಕಟ್ಟಬೇಕಾದ ಜಾಲ ಅವನ ಖಾತೆ ಪುಸ್ತಕದಲ್ಲೇ ಇರುತ್ತದೆ. ಇದನ್ನು ಹೊಗಳಿಕೆಯಾಗಿಯೂ ಬರೆಯಬೇಡಿ, ಬೈಗುಳವಾಗಿಯೂ ಬರೆಯಬೇಡಿ. ಹೇಗೆ ನಡೆಯಿತು ಅಂತ ಬರೆಯಿರಿ.

ಯಾರನ್ನು ಕೇಳಬೇಕು? ಮಕ್ಕಳನ್ನು ಕೊನೆಗೆ ಕೇಳಿ. ಮೊದಲು ಹಳೆಯ ಮುನೀಮರು, ಹಮಾಲರು, ಪಕ್ಕದ ಅಂಗಡಿಯವರು. ಪೈಪೋಟಿಯ ಅಂಗಡಿಯವರನ್ನು ಬಿಡಲೇಬೇಡಿ. ಅವರು ಕೆಟ್ಟದ್ದನ್ನೇ ಹೇಳುತ್ತಾರೆ ಅಂತೇನಿಲ್ಲ, ಒಳ್ಳೆಯದನ್ನು ಹೇಳಿದರೆ ಅದರ ತೂಕ ಬೇರೆ.

ಕೇಳುವ ರೀತಿ ಮುಖ್ಯ. "ಸಾವ್ಕಾರರು ಹೆಂಗಿದ್ರು?" ಅಂದರೆ "ದೇವರಂಥ ಮನುಷ್ಯಾರೀ" ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಬದಲಿಗೆ ಸಣ್ಣದು ಕೇಳಿ. "ಮುತ್ಯಾ, ಗಾದಿ ಮ್ಯಾಲ ಯಾರ್ಯಾರು ಕೂಡ್ತಿದ್ರು?" "ಹಮಾಲರು ಛಾ ಎಲ್ಲಿ ನಿಂತು ಕುಡೀತಿದ್ರು?" "ಉದ್ರಿ ಯಾರಿಗೆ ಕೊಡ್ತಿದ್ದಿಲ್ಲ?" "ಸಂತಿ ದಿನ ಅಂಗಡಿ ಎಷ್ಟೊತ್ತಿಗಿ ತಗೀತಿದ್ರು?" ಇಂಥ ಪ್ರಶ್ನೆಗೆ ದೇವರು, ಧರ್ಮ ಅಂತ ಉತ್ತರ ಕೊಡಲಾಗುವುದಿಲ್ಲ. ಗಾದಿ ಮೇಲೆ ಯಾವ ಜಾತಿಯವರು ಕೂರುತ್ತಿದ್ದರು, ಯಾರು ಹೊರಗೆ ಕಟ್ಟೆ ಮೇಲೆ ನಿಲ್ಲುತ್ತಿದ್ದರು ಅನ್ನುವ ಒಂದೇ ವಿವರ, ಮುಂದೆ ಅದೇ ಮನುಷ್ಯ ಪಾರ್ಲಿಮೆಂಟಿನಲ್ಲಿ ಸಾಮಾಜಿಕ ನ್ಯಾಯದ ಬಗ್ಗೆ ಮಾತಾಡಿದಾಗ ಓದುಗನಿಗೆ ತಾನೇ ನೆನಪಾಗುತ್ತದೆ. ನೀವು ಟೀಕೆ ಮಾಡಬೇಕಾಗಿಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಮೊದಲು ಕೇಳಿ. ಬೇಡ ಅಂದರೆ ಬರೆದುಕೊಳ್ಳಿ. ಹೇಳಿದವರ ಹೆಸರು ಹಾಕಬಹುದಾ ಅಂತಲೂ ಅಲ್ಲೇ ಕೇಳಿಬಿಡಿ, ಪುಸ್ತಕ ಅಚ್ಚಿಗೆ ಹೋಗುವಾಗ ಅಲ್ಲ.

ಹಳೆಯ ಕಾಗದ ಓದುವುದು

ಇದು ನಮ್ಮ ಭಾಗಕ್ಕೇ ಇರುವ ತೊಡಕು. ಬೆಂಗಳೂರಿನವರು ಬರೆದ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಸರ್ಕಾರಿ ಕಾಗದ ಉರ್ದುವಿನಲ್ಲಿ. ಜಮೀನು, ಮನೆ, ಗೋದಾಮಿನ ಖರೀದಿ ಪತ್ರಗಳು ಉರ್ದುವಿನಲ್ಲಿ. ಅಂಗಡಿಯ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖಾತೆ ಬೇರೆ. ಬೀದರ್, ಭಾಲ್ಕಿ, ಔರಾದ್ ಕಡೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿರಬಹುದು, ಮಾರವಾಡಿಗಳ ಅಂಗಡಿಯಾದರೆ ಮಹಾಜನಿ ಲಿಪಿ, ಲಿಂಗಾಯತರ ಅಂಗಡಿಯಾದರೆ ಬಹುಶಃ ಕನ್ನಡ. ಮೋಡಿ ಓದುವವರು ಈಗ ಕಡಿಮೆ. ಉರ್ದುವಿಗೆ ತೊಂದರೆ ಇಲ್ಲ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಉರ್ದು ವಿಭಾಗ ಇದೆ. ಹಳೆಯ ದಸ್ತಾವೇಜು ಬರಹಗಾರರಲ್ಲಿ ಹಿರಿಯರು ಸಿಕ್ಕರೆ ಇನ್ನೂ ಒಳ್ಳೆಯದು, ಅವರಿಗೆ ಕಾಗದದ ಭಾಷೆಯ ಜತೆ ಕಾನೂನಿನ ಪದಗಳೂ ಗೊತ್ತಿರುತ್ತವೆ.

ತಾರೀಕು ಫಸಲಿ ವರ್ಷದಲ್ಲಿ, ಅಂದರೆ ನಿಜಾಮರ ಸರ್ಕಾರ ಬಳಸುತ್ತಿದ್ದ ಕಾಲಗಣನೆಯಲ್ಲಿ, ಇರುತ್ತದೆ. ತಿಂಗಳ ಹೆಸರು ಆಜರ್, ದೈ, ಬಹಮನ್ ಅಂತ ಇರುತ್ತವೆ. ನೋಡಿ ಗಾಬರಿಯಾಗಬೇಡಿ. ಫಸಲಿಗೆ 590 ಕೂಡಿಸಿ. ಬಂದ ಇಸವಿಯ ಅಕ್ಟೋಬರ್ ಹೊತ್ತಿಗೆ ಆ ವರ್ಷ ಶುರುವಾಗುತ್ತದೆ. ಹೈದರಾಬಾದ್ ಸಂಸ್ಥಾನದ ಕೃಷಿ ಮಾರುಕಟ್ಟೆ ಕಾನೂನು ಫಸಲಿ 1339ರದ್ದು. ಅಂದರೆ 1929-30. ಗಂಜಿನ ಕಥೆ ಬರೆಯುವವರಿಗೆ ಈ ಕಾನೂನು ಮುಖ್ಯ. ಸಾವ್ಕಾರರ ತಂದೆ ಮಾರುಕಟ್ಟೆ ಸಮಿತಿಯಲ್ಲಿದ್ದರು ಅಂತ ಮನೆಯವರು ಹೇಳಿದರೆ ಅದು ಈ ಕಾನೂನಿನ ಹಿಂದಿನದೋ ಮುಂದಿನದೋ ಅಂತ ನೋಡಿ. ಈಗ ನಮಗೆ ಗೊತ್ತಿರುವ ಎಪಿಎಂಸಿ ಬಂದಿದ್ದು 1966ರ ಕಾಯ್ದೆಯಿಂದ.

ದುಡ್ಡಿನದು ಇನ್ನೊಂದು ಗೋಳು. ನಿಜಾಮರದ್ದು ಹಾಲಿ ಸಿಕ್ಕಾ ರೂಪಾಯಿ, ಬ್ರಿಟಿಷರದ್ದು ಕಲ್ದಾರ್ ರೂಪಾಯಿ. ಸುಮಾರು ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ. ಸೊಲ್ಲಾಪುರದ ವ್ಯಾಪಾರಿಗೆ ಮಾಲು ಕಳಿಸಿದ ಲೆಕ್ಕ ಕಲ್ದಾರಿನಲ್ಲಿ, ಊರಿನ ಲೆಕ್ಕ ಹಾಲಿಯಲ್ಲಿ ಇರಬಹುದು, ಒಂದೇ ಪುಸ್ತಕದಲ್ಲಿ. ಎರಡನ್ನೂ ಸೇರಿಸಿ ಕೂಡಿಸಿಬಿಟ್ಟರೆ ಸಾವ್ಕಾರರು ಇದ್ದದ್ದಕ್ಕಿಂತ ಶ್ರೀಮಂತರಾಗಿಬಿಡುತ್ತಾರೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ ಹದಿನಾರಾಣೆ ಅನ್ನುವುದನ್ನೂ ಮರೆಯಬೇಡಿ. ತೂಕದಲ್ಲಿ ಮಣ, ಸೇರು ಊರಿಂದೂರಿಗೆ ಬೇರೆ. ಕಿಲೋಗೆ ಬದಲಾಯಿಸುವ ಗೊಡವೆಗೇ ಹೋಗಬೇಡಿ, ಪುಸ್ತಕದಲ್ಲಿ ಇದ್ದಂತೆ ಬರೆಯಿರಿ.

ಪತ್ರಿಕೆ ಹುಡುಕುವವರಿಗೆ ಒಂದು ಮಾತು. ಪ್ರಜಾವಾಣಿ ಶುರುವಾಗಿದ್ದೇ 1948ರಲ್ಲಿ, ಅದೂ ಬೆಂಗಳೂರಿನಲ್ಲಿ. ಅದಕ್ಕಿಂತ ಹಿಂದಿನ ನಮ್ಮ ಜಿಲ್ಲೆಗಳ ಸುದ್ದಿ ಬೇಕಾದರೆ ಹೈದರಾಬಾದಿನ ಉರ್ದು ಪತ್ರಿಕೆಗಳನ್ನು ನೋಡಬೇಕು. ಸಂಸ್ಥಾನದ ಕಡತಗಳು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಯಾದಗಿರಿ ಜಿಲ್ಲೆ ಬೇರೆಯಾಗಿದ್ದು ಇತ್ತೀಚೆಗೆ, ಹಾಗಾಗಿ ಅಲ್ಲಿಯ ಹಳೆಯ ವಿಷಯಕ್ಕೆ ಗುಲ್ಬರ್ಗಾ ಅನ್ನುವ ಹೆಸರಿನಡಿ ಹುಡುಕಿ.

ಮನೆಯಲ್ಲಿರುವ ಫೋಟೋಗಳ ಹಿಂಬದಿ ನೋಡಿ. ಸ್ಟುಡಿಯೋ ಮುದ್ರೆ, ತಾರೀಕು ಸಿಗುತ್ತವೆ.

1948ರ ಬಗ್ಗೆ

ಈ ಭಾಗದ ಹಳೆಯ ವ್ಯಾಪಾರಿ ಮನೆತನದ ಕಥೆಯಲ್ಲಿ ಇದು ಬಂದೇ ಬರುತ್ತದೆ. ರಜಾಕಾರರ (ನಿಜಾಮರ ಪರವಾಗಿದ್ದ ಖಾಸಗಿ ಪಡೆಯವರ) ಕಾಲದಲ್ಲಿ ಅಂಗಡಿ ಲೂಟಿಯಾಯಿತು, ಊರು ಬಿಟ್ಟು ಸೊಲ್ಲಾಪುರಕ್ಕೆ ಹೋಗಿದ್ದೆವು, ಹೋರಾಟಗಾರರಿಗೆ ಗುಟ್ಟಾಗಿ ದುಡ್ಡು ಕೊಟ್ಟಿದ್ದೆವು ಅಂತ ಹೇಳುತ್ತಾರೆ. ಬರೆದುಕೊಳ್ಳಿ. ಆದರೆ ಪೊಲೀಸ್ ಕಾರ್ಯಾಚರಣೆ, ಅಂದರೆ ಭಾರತದ ಸೈನ್ಯ ಬಂದು ಸಂಸ್ಥಾನವನ್ನು ವಶಕ್ಕೆ ತಗೊಂಡಿದ್ದು, ಆದ ಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನೂ ಕೇಳಿ. ಆ ಹಿಂಸೆಯನ್ನು ನೋಡಿ ಬರಲು ಕೇಂದ್ರ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿ ತನ್ನ ವರದಿಯಲ್ಲಿ ಹೆಚ್ಚು ಹಾನಿಯಾದ ಜಿಲ್ಲೆಗಳು ಅಂತ ಹೇಳಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಎರಡು ನಮ್ಮವೇ. ಆ ಹೊತ್ತಿನಲ್ಲಿ ಗಂಜಿನಲ್ಲಿ ಯಾವ ಅಂಗಡಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾರು ಪಕ್ಕದವರನ್ನು ತಮ್ಮ ಮನೆಯಲ್ಲಿಟ್ಟು ಕಾಪಾಡಿದರು, ಎರಡೂ ಬೇಕು. ಒಂದೇ ಕಡೆಯವರ ಮಾತು ಕೇಳಿ ಬರೆದರೆ ಅದು ಜೀವನಚರಿತ್ರೆ ಆಗುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಆಗದಿದ್ದರೆ "ಮನೆಯವರು ಹೀಗೆ ಹೇಳುತ್ತಾರೆ" ಅಂತಲೇ ಬರೆಯಿರಿ.

"ಸ್ವಾತಂತ್ರ್ಯ ಹೋರಾಟಗಾರರು" ಅನ್ನುವ ಮಾತನ್ನೂ ಅಳೆದು ಬಳಸಿ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಹುಟ್ಟುವ ಮೊದಲೇ ನಿಷೇಧ ಮಾಡಿದ್ದರು. ಆ ನಿಷೇಧ ಹೋಗಿದ್ದು 1946ರಲ್ಲಿ. ಹಾಗಾಗಿ 1942ರಲ್ಲಿ ಗುಲ್ಬರ್ಗಾದಲ್ಲಿ ಬಹಿರಂಗವಾಗಿ ಕಾಂಗ್ರೆಸ್ ಕಚೇರಿ ನಡೆಸುತ್ತಿದ್ದರು ಅಂತ ಯಾರಾದರೂ ಹೇಳಿದರೆ ಇನ್ನೊಮ್ಮೆ ಕೇಳಿ.

ದಿಲ್ಲಿಯ ದಾಖಲೆ

ಇಲ್ಲಿಂದ ಕೆಲಸ ಸಲೀಸು. ಮನೆಯಲ್ಲೇ ಕೂತು ಮಾಡಬಹುದು.

ಚುನಾವಣೆಯ ಅಂಕಿಅಂಶ ಚುನಾವಣಾ ಆಯೋಗದ ವರದಿಗಳಲ್ಲಿ ಇವೆ. 1952ರ ಫಲಿತಾಂಶ ಬೇಕಾದರೆ ಹೈದರಾಬಾದ್ ರಾಜ್ಯದಡಿ ಹುಡುಕಿ, 1957ರಿಂದ ಮೈಸೂರು, 1973ರ ನಂತರ ಕರ್ನಾಟಕ. ಗುಲ್ಬರ್ಗಾದಿಂದ ಮೊದಲ ಲೋಕಸಭೆಗೆ ಹೋದವರು ಸ್ವಾಮಿ ರಾಮಾನಂದ ತೀರ್ಥರು. ವ್ಯಾಪಾರಿಯ ಕಥೆ ಬರೆಯುವಾಗ ಶುರುವಿನಲ್ಲೇ ಒಬ್ಬ ಸನ್ಯಾಸಿ ಎದುರಾಗುತ್ತಾರೆ ನೋಡಿ. ಕ್ಷೇತ್ರದ ಗಡಿ ಜಿಲ್ಲೆಯ ಗಡಿ ಅಲ್ಲ ಅನ್ನುವುದು ನೆನಪಿರಲಿ. ಈಗ ಆಳಂದ, ಚಿಂಚೋಳಿ ಬೀದರ್ ಲೋಕಸಭಾ ಕ್ಷೇತ್ರದಲ್ಲಿವೆ. ಗುರುಮಠಕಲ್ ಕಲಬುರಗಿಯಲ್ಲಿ, ಯಾದಗಿರಿ, ಶಹಾಪುರ, ಸುರಪುರ ರಾಯಚೂರಿನಲ್ಲಿ. "ಯಾದಗಿರಿ ಸಂಸದರು" ಅಂತ ಸುಮ್ನೆ ಬರೆದರೆ ಯಾರಂತ ಗೊತ್ತಾಗುವುದಿಲ್ಲ.

ಲೋಕಸಭೆ, ರಾಜ್ಯಸಭೆ ಎರಡರ ವೆಬ್‌ಸೈಟಿನಲ್ಲೂ ಸದಸ್ಯರ ಪರಿಚಯ ಇದೆ. ಅದರಲ್ಲಿ ವೃತ್ತಿ ಅನ್ನುವ ಕಾಲಂ ನೋಡಿ. ತಮ್ಮನ್ನು ವ್ಯಾಪಾರಿ ಅಂತ ಬರೆಸಿಕೊಂಡಿದ್ದಾರಾ, ಕೃಷಿಕ ಅಂತಲಾ, ಸಮಾಜಸೇವಕ ಅಂತಲಾ? ಮೊದಲ ಅವಧಿಯಲ್ಲಿ ವ್ಯಾಪಾರಿ ಅಂತ ಇದ್ದು ಮೂರನೇ ಅವಧಿಯಲ್ಲಿ ಅದು ಮಾಯವಾಗಿದ್ದರೆ ಅದೇ ಒಂದು ಅಧ್ಯಾಯ.

ಆಮೇಲೆ ಸದನದ ಚರ್ಚೆಗಳು. ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ 1952ರಿಂದ ಸಿಗುತ್ತವೆ. ಭಾಷಣಕ್ಕಿಂತ ಪ್ರಶ್ನೆಗಳನ್ನು ಓದಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ. ವ್ಯಾಪಾರದಿಂದ ಬಂದವರು ಏನು ಕೇಳಿದರು? ಬೇಳೆಕಾಳಿನ ಆಮದು ಸುಂಕ, ರೈಲ್ವೆ ವ್ಯಾಗನ್, ಗೋದಾಮು, ದಾಸ್ತಾನು ಮಿತಿ ಇಂಥವನ್ನು ಕೇಳಿದ್ದರೆ ಪಕ್ಕದಲ್ಲಿ ಆ ವರ್ಷ ಅವರ ಮನೆತನದ ವ್ಯಾಪಾರ ಏನಿತ್ತು ಅಂತ ನೋಡಿ. ತೊಗರಿ ಬೆಳೆಗಾರನಿಗೂ ದಾಲ್ ಮಿಲ್ಲಿಗೂ ಲಾಭ ಯಾವಾಗಲೂ ಒಂದೇ ಕಡೆ ಇರುವುದಿಲ್ಲ. ಹೊರದೇಶದ ಕಾಳು ಅಗ್ಗಕ್ಕೆ ಬಂದರೆ ಮಿಲ್ಲಿಗೆ ಖುಷಿ, ರೈತನಿಗೆ ಹೊಡೆತ. ನಿಮ್ಮ ಸಾವ್ಕಾರರು ಸದನದಲ್ಲಿ ಯಾರ ಕಡೆ ನಿಂತರು? ಇಡೀ ಪುಸ್ತಕದಲ್ಲಿ ನನಗೆ ಓದಬೇಕು ಅನಿಸುವ ಪುಟ ಇದು, ಮತ್ತು ಸ್ಮರಣಿಕೆಗಳಲ್ಲಿ ಇದೇ ಇರುವುದಿಲ್ಲ.

2003ರ ನಂತರ ಚುನಾವಣೆಗೆ ನಿಂತವರಾದರೆ ನಾಮಪತ್ರದ ಜತೆ ಕೊಟ್ಟ ಪ್ರಮಾಣಪತ್ರ (ಅಫಿಡವಿಟ್) ಸಿಗುತ್ತದೆ. ಸುಪ್ರೀಂ ಕೋರ್ಟ್ 2002 ಮತ್ತು 2003ರಲ್ಲಿ ಕೊಟ್ಟ ತೀರ್ಪುಗಳಿಂದ ಇದು ಕಡ್ಡಾಯವಾಯಿತು. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ಓದು ಎಲ್ಲ ಅದರಲ್ಲಿ ಬರೆಯಬೇಕು. ಹೆಂಡತಿಯ ಅಥವಾ ಗಂಡನ ಆಸ್ತಿಯೂ ಇರುತ್ತದೆ. 2019ರಿಂದ ಐದು ವರ್ಷದ ಆದಾಯವನ್ನೂ ತೋರಿಸಬೇಕು, ಅವಿಭಕ್ತ ಕುಟುಂಬದ್ದೂ ಸೇರಿ. ವ್ಯಾಪಾರಿ ಮನೆತನಗಳಲ್ಲಿ ಬಹಳಷ್ಟು ಇರುವುದು ಆ ಅವಿಭಕ್ತ ಕುಟುಂಬದ ಕಾಲಂನಲ್ಲೇ. ಎರಡು ಚುನಾವಣೆಯ ಪ್ರಮಾಣಪತ್ರ ಪಕ್ಕಪಕ್ಕ ಇಟ್ಟು ನೋಡಿ. ಆಸ್ತಿ ಏರಿದ ಕೂಡಲೇ ಕಳ್ಳ ಅಂತ ಬರೆಯಬೇಡಿ ಮತ್ತೆ. ರಿಂಗ್ ರೋಡ್ ಆದ ಮೇಲೆ ಕಲಬುರಗಿಯಲ್ಲಿ ಹಳೆಯ ಜಮೀನಿನ ಬೆಲೆ ತಾನೇ ಏರಿರುತ್ತದೆ. ಹೊಸದಾಗಿ ಕೊಂಡಿದ್ದೆಷ್ಟು, ಇದ್ದದ್ದರ ಬೆಲೆ ಏರಿದ್ದೆಷ್ಟು ಅಂತ ಬೇರೆ ಮಾಡಿ.

ಊರಿನ ಕೆಲಸಗಳ ಬಗ್ಗೆ ಬರೆಯುವಾಗ ಕಲ್ಲಿನ ಫಲಕ ನಂಬಬೇಡಿ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ಬಂದಿದ್ದು 1993ರಲ್ಲಿ. 2011-12ರಿಂದ ವರ್ಷಕ್ಕೆ 5 ಕೋಟಿ. ಸಮುದಾಯ ಭವನದ ಮೇಲೆ ಹೆಸರು ದೊಡ್ಡದಾಗಿ ಕೆತ್ತಿದ್ದರೂ ದುಡ್ಡು ಅವರ ಜೇಬಿನದ್ದಲ್ಲ, ಸರ್ಕಾರದ್ದು. ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ್ದು ಬೇರೆ ಪಟ್ಟಿ ಮಾಡಿ. ಗೊತ್ತಾಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಹಾಗಾಗಿ ಪೀಠಿಕೆ ಬಿಟ್ಟು ನೇರ ಕೇಳಿ, ಯಾವ ಕಟ್ಟಡ, ಯಾವ ವರ್ಷ, ಯಾವ ನಿಧಿ.

ಸೋತಿದ್ದೂ ಬರಲಿ

ವ್ಯಾಪಾರದಲ್ಲಿ ಮುಳುಗಿದ್ದನ್ನು ಮನೆಯವರು ಮುಚ್ಚಿಡುತ್ತಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಮೊದಲು ಬಟ್ಟೆ ಅಂಗಡಿಯವರು. 1919ರಲ್ಲಿ ಸೈನ್ಯದ ಗೆಳೆಯ ಎಡ್ಡಿ ಜೇಕಬ್‌ಸನ್ ಜತೆ ಸೇರಿ ಕನ್ಸಾಸ್ ಸಿಟಿಯಲ್ಲಿ ಗಂಡಸರ ಅಂಗಿ, ಟೋಪಿ ಮಾರುವ ಅಂಗಡಿ ಹಾಕಿದರು. 1922ರಲ್ಲಿ ಅದು ಮುಚ್ಚಿತು. ದಿವಾಳಿ ಅಂತ ಕೈಯೆತ್ತದೆ ವರ್ಷಗಟ್ಟಲೆ ಸಾಲ ತೀರಿಸಿದರು. ಅಂಗಡಿ ಮುಚ್ಚಿದ ವರ್ಷವೇ ರಾಜಕೀಯದ ಮೊದಲ ಚುನಾವಣೆ ಗೆದ್ದರು. ಅವರ ಜೀವನ ಬರೆದವರು ಯಾರೂ ಆ ಅಂಗಡಿಯನ್ನು ಬಿಡುವುದಿಲ್ಲ. ನಮ್ಮಲ್ಲಿ ಮಾತ್ರ ಅದಕ್ಕೆ ನಾಚಿಕೆ. ಮಿಲ್ ಮುಚ್ಚಿದ್ದರೆ ಯಾಕೆ ಮುಚ್ಚಿತು, ಕೂಲಿಯವರ ಬಾಕಿ ಕೊಟ್ಟರಾ, ರೈತರ ದುಡ್ಡು ವಾಪಸ್ ಬಂತಾ ಅಂತ ಕೇಳಿ. ಕೊಟ್ಟಿದ್ದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇನ್ನೇನು ಬೇಕು?

ಅವರು ದಿಲ್ಲಿಯಲ್ಲಿದ್ದಾಗ ಅಂಗಡಿ ಯಾರು ನಡೆಸಿದರು

ತಮ್ಮ, ಅಳಿಯ, ಮುನೀಮ, ಹೆಂಡತಿ. ಯಾರೋ ಒಬ್ಬರು ನಡೆಸಿಯೇ ಇರುತ್ತಾರೆ. ಅವರ ಹೆಸರು ಪುಸ್ತಕದಲ್ಲಿ "ಕುಟುಂಬದವರ ಸಹಕಾರ" ಆಗಿ ಕರಗಿಹೋಗುತ್ತದೆ. ಬಜಾಜರ ಪತ್ನಿ ಜಾನಕಿದೇವಿ ಬರೀ ಸಹಕಾರ ಕೊಟ್ಟು ಕೂತವರಲ್ಲ, ಖಾದಿ ಕೆಲಸ ಮಾಡಿದರು, ತಾವೂ ಜೈಲಿಗೆ ಹೋದರು, 1956ರಲ್ಲಿ ಪದ್ಮವಿಭೂಷಣ ಬಂತು. ನಮ್ಮ ಕಡೆಯ ಸಾವ್ಕಾರತಿಯರ ಬಗ್ಗೆ ಅಷ್ಟು ದಾಖಲೆ ಸಿಗಲಿಕ್ಕಿಲ್ಲ. ಆದರೆ ಚುನಾವಣೆ ಹೊತ್ತಿನಲ್ಲಿ ದಿನಕ್ಕೆ ನೂರಾರು ಜನಕ್ಕೆ ರೊಟ್ಟಿ, ಪುಂಡಿಪಲ್ಯ ಬಡಿಸಿದ ಅಡುಗೆಮನೆಯನ್ನು ಯಾರು ನಡೆಸಿದರು, ಜೋಳದ ಚೀಲ ಎಲ್ಲಿಂದ ಬಂತು, ಲೆಕ್ಕ ಯಾರು ಇಟ್ಟರು ಅಂತ ಕೇಳಿದರೆ ಮನೆಯ ಹಿರಿಯ ಹೆಣ್ಣುಮಕ್ಕಳು ತಾಸುಗಟ್ಟಲೆ ಹೇಳುತ್ತಾರೆ. ಗಂಡಸರು ಪಡಸಾಲೆಯಲ್ಲಿ ಇಲ್ಲದ ಹೊತ್ತು ನೋಡಿ ಹೋಗಿ. ಜತೆಗೆ ಹೆಣ್ಣುಮಗಳೊಬ್ಬಳು ಇದ್ದರೆ ಮಾತು ಸಲೀಸಾಗಿ ಬರುತ್ತದೆ.

ಬರೆಯುವಾಗ

ಹುಟ್ಟಿನಿಂದ ಶುರು ಮಾಡಲೇಬೇಕು ಅಂತೇನಿಲ್ಲ. ಒಂದು ದಿನದ ಕಿರ್ದಿಯಿಂದ ಶುರು ಮಾಡಬಹುದು. ಆ ದಿನ ಯಾರಿಗೆ ಎಷ್ಟು ಹೋಯಿತು, ಯಾರಿಂದ ಬಂತು, ಆ ಹೆಸರುಗಳಲ್ಲಿ ಮುಂದೆ ಯಾರು ಪಂಚಾಯಿತಿ ಸದಸ್ಯರಾದರು, ಯಾರು ವೈರಿಯಾದರು. ಓದುಗ ಅಲ್ಲೇ ಸಿಕ್ಕಿಬೀಳುತ್ತಾನೆ.

ಅಜಾತಶತ್ರು, ಧೀಮಂತ, ಕೊಡುಗೈ ದಾನಿ, ಈ ಮೂರು ಪದ ಬಳಸುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿ. ಬಳಸದೆ ಅದೇ ವಿಷಯ ಹೇಳಬೇಕಾದಾಗ ಘಟನೆ ಹುಡುಕಲೇಬೇಕಾಗುತ್ತದೆ. ಪಕ್ಷ ಬದಲಿಸಿದ್ದರೆ ತಾರೀಕು ಹಾಕಿ, ಆಗ ಅವರು ಏನು ಕಾರಣ ಕೊಟ್ಟರು ಅಂತ ಆ ಕಾಲದ ಪತ್ರಿಕೆಯಿಂದ ಎತ್ತಿಕೊಳ್ಳಿ, ಈಗ ಮನೆಯವರು ಹೇಳುವ ಕಾರಣ ಬೇರೆ ಇದ್ದರೆ ಅದನ್ನೂ ಪಕ್ಕದಲ್ಲಿ ಇಡಿ.

ಊರಿನ ಹೆಸರಿನಲ್ಲಿ ಒಂದು ಶಿಸ್ತು ಇರಲಿ. ಗುಲ್ಬರ್ಗಾ ಕಲಬುರಗಿ ಆಗಿದ್ದು 2014ರ ನವೆಂಬರ್ 1ರಂದು. ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಗಿದ್ದು 2019ರಲ್ಲಿ. 1962ರ ಚುನಾವಣೆಯ ಭಾಷಣದಲ್ಲಿ "ಕಲ್ಯಾಣ ಕರ್ನಾಟಕದ ಜನತೆಗೆ" ಅಂತ ಬರೆದುಬಿಟ್ಟರೆ ಉಳಿದಿದ್ದನ್ನೂ ಯಾರೂ ನಂಬುವುದಿಲ್ಲ.

ಅಚ್ಚಿಗೆ ಕೊಡುವ ಮೊದಲು

ಬದುಕಿರುವವರ ಬಗ್ಗೆ ಆದರೆ ವಕೀಲರೊಬ್ಬರಿಗೆ ತೋರಿಸಿ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿದೆ. ಸತ್ಯ ಅಂದರೆ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಅಂತಲೂ ಇರಬೇಕು. ತೀರಿಕೊಂಡವರ ಬಗ್ಗೆ ಬರೆದಿದ್ದಕ್ಕೂ, ಮನೆಯವರಿಗೆ ನೋವು ಮಾಡುವ ಉದ್ದೇಶ ಇತ್ತು ಅಂತಾದರೆ, ಕೇಸು ಹಾಕಬಹುದು. ಪ್ರತಿ ಆರೋಪದ ಪಕ್ಕ ನಿಮ್ಮ ಹತ್ತಿರ ಯಾವ ಕಾಗದ ಇದೆ ಅಂತ ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಿ. ಕಾಗದ ಇಲ್ಲದ ಸಾಲು ತೆಗೆಯಿರಿ.

ಮನೆಯವರಿಗೆ ಕರಡು ಓದಲು ಕೊಡಿ. ಆದರೆ ಕೊಡುವ ಮೊದಲೇ ಮಾತು ಮುಗಿಸಿ: ತಪ್ಪು ಇಸವಿ, ತಪ್ಪು ಹೆಸರು, ತಪ್ಪು ಸಂಬಂಧ ತಿದ್ದುತ್ತೇನೆ, ಒಪ್ಪಿಗೆ ಇಲ್ಲದ ಘಟನೆಗೆ ನಿಮ್ಮ ಉತ್ತರವನ್ನೂ ಹಾಕುತ್ತೇನೆ, ಘಟನೆಯನ್ನು ಮಾತ್ರ ತೆಗೆಯುವುದಿಲ್ಲ. ದುಡ್ಡು ಅವರೇ ಹಾಕುತ್ತಿದ್ದರೆ ಈ ಮಾತು ಕಷ್ಟ, ಗೊತ್ತು. ಆಗ ಪುಸ್ತಕದ ಮೊದಲ ಪುಟದಲ್ಲೇ ಖರ್ಚು ಯಾರದು ಅಂತ ಹಾಕಿ, ಓದುವವರು ಅದಕ್ಕೆ ತಕ್ಕಂತೆ ಓದಿಕೊಳ್ಳುತ್ತಾರೆ. ರೆಕಾರ್ಡಿಂಗ್, ಕಿರ್ದಿ ಪುಟಗಳ ಫೋಟೋ, ಉರ್ದು ಕಾಗದಗಳ ನಕಲು ಎಲ್ಲವನ್ನೂ ಎರಡು ಪ್ರತಿ ಮಾಡಿ. ಒಂದು ಮನೆಯವರಿಗೆ, ಇನ್ನೊಂದು ಯಾವುದಾದರೂ ಕಾಲೇಜಿನ ಲೈಬ್ರರಿಗೆ. ಮೂಲ ಪುಸ್ತಕಗಳನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ, ತಂದ ದಿನವೇ ರಸೀದಿ ಬರೆದುಕೊಟ್ಟು, ಫೋಟೋ ತೆಗೆದು, ವಾಪಸ್ ಕೊಟ್ಟು ಆ ರಸೀದಿಯ ಮೇಲೆ ಅವರ ಸಹಿ ಹಾಕಿಸಿಕೊಳ್ಳಿ.